ಅಬುಧಾಬಿಯ ಅರಬ್ಬಿ ಕಾದಂಬರಿ ಪ್ರಶಸ್ತಿ: ಕಲಬುರಗಿಯ ಓದುಗರಿಗೂ ಅನುವಾದಕರಿಗೂ ಎಷ್ಟು ಉಪಯೋಗ?

ಕಲಬುರಗಿಯಲ್ಲಿ ಕೂತು ಇವತ್ತಿನ ಅರಬ್ಬಿ ಕಾದಂಬರಿ ಓದಬೇಕು ಅಂದರೆ ಮೊದಲು ಕಾಡುವ ಪ್ರಶ್ನೆ ಪುಸ್ತಕ ಎಲ್ಲಿ ಸಿಗುತ್ತದೆ ಅನ್ನುವುದಲ್ಲ, ಯಾವುದನ್ನು ಓದಬೇಕು ಅನ್ನುವುದು. ಮೊರಾಕೊದಿಂದ ಒಮಾನ್‌ವರೆಗೆ ಇಪ್ಪತ್ತಕ್ಕೂ ಹೆಚ್ಚು ದೇಶಗಳು, ಬೈರೂತ್, ಕೈರೊ, ಅಮ್ಮಾನ್‌ಗಳ ಪ್ರಕಾಶಕರು, ಒಂದೊಂದು ನಾಡಿಗೆ ಒಂದೊಂದು ಆಡುನುಡಿ. ಈ ರಾಶಿಯನ್ನು ಜರಡಿ ಹಿಡಿದು ಕೊಡುವ ಕೆಲಸವನ್ನು ವರ್ಷ ವರ್ಷ ತಪ್ಪದೆ ಮಾಡುತ್ತಿರುವುದು ಅಂತರರಾಷ್ಟ್ರೀಯ ಅರಬ್ಬಿ ಕಾದಂಬರಿ ಪ್ರಶಸ್ತಿ. ಆ ಪ್ರಶಸ್ತಿಯನ್ನು ಒಂದು ಸೇವೆ ಎಂದು ತಿಳಿದು ಇಲ್ಲಿ ಪರಿಶೀಲಿಸಲಾಗಿದೆ. ಅಂಕ ಮೊದಲೇ ಹೇಳಿಬಿಡಬಹುದು: ಪುಸ್ತಕ ಆರಿಸುವ ಕೆಲಸಕ್ಕೆ ಐದರಲ್ಲಿ ನಾಲ್ಕು, ಆರಿಸಿದ ಪುಸ್ತಕವನ್ನು ಬೇರೆ ಭಾಷೆಗೆ ದಾಟಿಸುವ ಕೆಲಸಕ್ಕೆ ಎರಡು.

ಪ್ರಶಸ್ತಿ 2007ರಲ್ಲಿ ಅಬುಧಾಬಿಯಲ್ಲಿ ಶುರುವಾಯಿತು. 2008ರಲ್ಲಿ ಮೊದಲ ಬಾರಿ ಈಜಿಪ್ಟಿನ ಬಹಾ ತಾಹಿರ್ ಅವರಿಗೆ ಬಂತು. ಹಣ ಅಬುಧಾಬಿಯದು, ಲಂಡನ್ನಿನ ಬೂಕರ್ ಪ್ರತಿಷ್ಠಾನದ ಮಾರ್ಗದರ್ಶನ ಇದೆ. ಅದಕ್ಕೇ ಪತ್ರಿಕೆಗಳು ಇದನ್ನು ‘ಅರಬ್ಬಿ ಬೂಕರ್’ ಅನ್ನುತ್ತವೆ. ಆದರೆ 2025ರಲ್ಲಿ ಬಾನು ಮುಷ್ತಾಕ್ ಮತ್ತು ದೀಪಾ ಭಾಸ್ತಿ ಅವರಿಗೆ ಬಂದ ಅಂತರರಾಷ್ಟ್ರೀಯ ಬೂಕರ್ ಬೇರೆ, ಇದು ಬೇರೆ. ಅಲ್ಲಿ ಸ್ಪರ್ಧೆಗೆ ಇಳಿಯುವುದು ಇಂಗ್ಲಿಷ್ ಅನುವಾದ, 50,000 ಪೌಂಡ್ ಲೇಖಕರಿಗೂ ಅನುವಾದಕರಿಗೂ ಸಮಪಾಲು. ಇಲ್ಲಿ ಸ್ಪರ್ಧೆಗೆ ಇಳಿಯುವುದು ಅರಬ್ಬಿ ಮೂಲ, ಹಣ ಪೂರ್ತಿ ಲೇಖಕರದು. ಕಿರುಪಟ್ಟಿಯ ಆರು ಮಂದಿಗೆ ತಲಾ 10,000 ಡಾಲರ್, ಗೆದ್ದವರಿಗೆ ಅದರ ಮೇಲೆ 50,000 ಡಾಲರ್. ಗೆದ್ದ ಕಾದಂಬರಿಯ ಇಂಗ್ಲಿಷ್ ಅನುವಾದಕ್ಕೆ ಬೇರೆ ನೆರವು ಕೊಡುತ್ತಾರೆ. ಸಣ್ಣಕತೆಗಳ ಸಂಕಲನಕ್ಕೆ ಇಲ್ಲಿ ಪ್ರವೇಶವೇ ಇಲ್ಲ. ಬಾನು ಅವರ ಕತೆಗಳಂಥ ಪುಸ್ತಕ ಅರಬ್ಬಿಯಲ್ಲಿ ಬಂದಿದ್ದರೆ ಮೊದಲ ಬಾಗಿಲಲ್ಲೇ ವಾಪಸ್. ಸಣ್ಣಕತೆಯಲ್ಲಿ ಇಷ್ಟು ಶ್ರೀಮಂತವಾದ ಒಂದು ಭಾಷೆಗೆ ಇದು ನಿಜಕ್ಕೂ ನಷ್ಟ.

ಪುಸ್ತಕ ಕಳಿಸುವವರು ಪ್ರಕಾಶಕರು, ಲೇಖಕರು ನೇರವಾಗಿ ಕಳಿಸುವಂತಿಲ್ಲ. ಯಾವ ಪ್ರಕಾಶಕರ ಪುಸ್ತಕಗಳು ಹಿಂದೆ ಹೆಚ್ಚು ಸಲ ಪಟ್ಟಿ ಸೇರಿವೆಯೋ ಅವರಿಗೆ ಹೆಚ್ಚು ಪುಸ್ತಕ ಕಳಿಸುವ ಅವಕಾಶ. ಹೀಗಾಗಿ ಬೈರೂತಿನ ದಾರ್ ಅಲ್ ಆದಾಬ್‌ನಂಥ ಹಳೆಯ ಸಂಸ್ಥೆಗಳ ಹೆಸರು ಮತ್ತೆ ಮತ್ತೆ ಕಾಣುತ್ತದೆ, ಸಣ್ಣ ಊರಿನ ಸಣ್ಣ ಪ್ರಕಾಶಕರಿಗೆ ದಾರಿ ಕಿರಿದಾಗುತ್ತದೆ. ಇದೇ ಪದ್ಧತಿಯ ಒಳ್ಳೆಯ ಮುಖವೂ ಕಂಡಿದೆ. 2024ರಲ್ಲಿ ಗೆದ್ದ ಪ್ಯಾಲೆಸ್ಟೀನಿನ ಬಾಸಿಮ್ ಖಂದಕ್ಜಿ ಆಗ ಇಸ್ರೇಲಿನ ಜೈಲಿನಲ್ಲಿದ್ದರು. ಪುಸ್ತಕ ಕಳಿಸಿದ್ದೂ ಪ್ರಕಾಶಕರೇ, ವೇದಿಕೆಯಲ್ಲಿ ಪ್ರಶಸ್ತಿ ಪಡೆದದ್ದೂ ಪ್ರಕಾಶಕರೇ.

ಐವರು ತೀರ್ಪುಗಾರರು ನೂರಕ್ಕೂ ಹೆಚ್ಚು ಕಾದಂಬರಿ ಓದಿ ಮೊದಲು 16ರ ಪಟ್ಟಿ, ಆಮೇಲೆ 6ರ ಪಟ್ಟಿ, ಕೊನೆಗೆ ಒಂದು ಹೆಸರು ಕೊಡುತ್ತಾರೆ. ದೊಡ್ಡ ಪಟ್ಟಿ ವರ್ಷದ ಆರಂಭದಲ್ಲಿ, ಫಲಿತಾಂಶ ಬೇಸಿಗೆಯಲ್ಲಿ. ಓದುಗರು ಮಾಡುವ ಮೊದಲ ತಪ್ಪು ಗೆದ್ದ ಒಂದನ್ನಷ್ಟೇ ನೋಡುವುದು. ಈ ಸೇವೆಯ ಅಸಲು ಬೆಲೆ ಇರುವುದು ಆರರ ಪಟ್ಟಿಯಲ್ಲಿ. ಐವರು ಒಪ್ಪಬೇಕಾದಾಗ ಒಮ್ಮೊಮ್ಮೆ ಎಲ್ಲರಿಗೂ ಸರಿ ಅನಿಸುವ ಪುಸ್ತಕ ಮೇಲೆ ಬರುತ್ತದೆ, ಒಬ್ಬಿಬ್ಬರಿಗೆ ಹುಚ್ಚು ಹಿಡಿಸಿದ ಪುಸ್ತಕ ಕೆಳಗೆ ಉಳಿಯುತ್ತದೆ. 2011ರಲ್ಲಂತೂ ತೀರ್ಪು ಒಂದೇ ಹೆಸರಿಗೆ ಬರಲಿಲ್ಲ, ಮೊರಾಕೊದ ಮುಹಮ್ಮದ್ ಅಶ್‌ಅರಿ ಮತ್ತು ಸೌದಿಯ ರಜಾ ಆಲಿಮ್ ಇಬ್ಬರಿಗೂ ಹಂಚಿದರು. ಒಂದೊಂದು ವರ್ಷದ ಆರನ್ನೂ ಒಟ್ಟಿಗೆ ಬರೆದಿಟ್ಟುಕೊಂಡು, ಅದರಲ್ಲಿ ಇಂಗ್ಲಿಷಿಗೆ ಬಂದವನ್ನು ಗುರುತು ಹಾಕಿಕೊಂಡು ಹೋಗುವುದು ಒಳ್ಳೆಯ ಕ್ರಮ.

ಇಂಗ್ಲಿಷಿಗೆ ಬಂದವು ಅನ್ನುವಲ್ಲೇ ತೊಂದರೆ ಶುರು. ನೆರವಿನ ಭರವಸೆ ಇದ್ದರೂ ಪುಸ್ತಕ ಕೈಗೆ ಬರುವ ಹೊತ್ತಿಗೆ ವರ್ಷಗಳು ಉರುಳಿರುತ್ತವೆ. ಕುವೈತಿನ ಸೌದ್ ಅಲ್ ಸನೂಸಿ 2013ರಲ್ಲಿ ಗೆದ್ದರು, ‘ದಿ ಬ್ಯಾಂಬೂ ಸ್ಟಾಕ್’ ಬಂದದ್ದು 2015ರಲ್ಲಿ. ಇರಾಕಿನ ಅಹ್ಮದ್ ಸಅದಾವಿ 2014ರಲ್ಲಿ ಗೆದ್ದರು, ‘ಫ್ರಾಂಕನ್‌ಸ್ಟೈನ್ ಇನ್ ಬಗ್ದಾದ್’ ಬಂದದ್ದು 2018ರಲ್ಲಿ. ಟುನೀಶಿಯಾದ ಶುಕ್ರಿ ಮಬ್‌ಖೂತ್ 2015ರಲ್ಲಿ ಗೆದ್ದ ‘ದಿ ಇಟಾಲಿಯನ್’ ಇಂಗ್ಲಿಷಿಗೆ ಬರಲು ಆರು ವರ್ಷ ಹಿಡಿಯಿತು. ಸುದ್ದಿ ಬಿಸಿ ಇದ್ದಾಗ ಪುಸ್ತಕ ಇರುವುದಿಲ್ಲ, ಪುಸ್ತಕ ಬಂದಾಗ ಸುದ್ದಿ ಆರಿರುತ್ತದೆ. ಅಂಗಡಿಯವರಿಗೆ ತರಿಸುವ ಉಮೇದು ಹುಟ್ಟದೇ ಇರುವುದಕ್ಕೆ ಇದೇ ಕಾರಣ.

ಎರಡನೆಯ ತೊಂದರೆ ಹೆಸರಿನದು. ಲೆಬನಾನಿನ ಹುದಾ ಬರಕಾತ್ 2019ರಲ್ಲಿ ಗೆದ್ದ ಕಾದಂಬರಿಯ ಅರಬ್ಬಿ ಹೆಸರು ‘ಬರೀದ್ ಅಲ್ ಲೈಲ್’, ಅಂದರೆ ರಾತ್ರಿ ಟಪಾಲು. ಬರೆದವರಿಂದ ಹೊರಟು, ತಲುಪಬೇಕಾದವರಿಗೆ ತಲುಪದ ಪತ್ರಗಳ ಕತೆ. ಪ್ರಶಸ್ತಿಯ ಸುದ್ದಿಯಲ್ಲಿ ಅದು ‘ದಿ ನೈಟ್ ಮೇಲ್’, ಅಂಗಡಿಯಲ್ಲಿ ಅದು ‘ವಾಯ್ಸಸ್ ಆಫ್ ದಿ ಲಾಸ್ಟ್’. ಟಪಾಲೇ ಮಾಯ. 2016ರಲ್ಲಿ ಗೆದ್ದ ರಬಈ ಅಲ್ ಮದ್‌ಹೂನ್ ಅವರ ಪುಸ್ತಕ ಸುದ್ದಿಯಲ್ಲಿ ‘ಡೆಸ್ಟಿನೀಸ್’, ಮಾರಾಟದಲ್ಲಿ ‘ಫ್ರ್ಯಾಕ್ಚರ್ಡ್ ಡೆಸ್ಟಿನೀಸ್’. ಲೇಖಕರ ಹೆಸರಿನಲ್ಲೂ ಇದೇ ಪಾಡು. ಸನೂಸಿ ಅವರ ಹೆಸರು ಒಂದು ಕಡೆ ‘ಅಲ್’ ಕೂಡಿಸಿ, ಇನ್ನೊಂದು ಕಡೆ ಬಿಡಿಸಿ, ಮತ್ತೊಂದು ಕಡೆ ನಡುವೆ ಗೆರೆ ಹಾಕಿ ಅಚ್ಚಾಗಿರುತ್ತದೆ. ಆನ್‌ಲೈನಿನಲ್ಲಿ ಹುಡುಕುವಾಗ ‘ಅಲ್’ ಬಿಟ್ಟು ಉಳಿದ ಹೆಸರನ್ನೂ ಅನುವಾದಕರ ಹೆಸರನ್ನೂ ಜೊತೆಗೆ ಹಾಕಿದರೆ ಬೇಗ ಸಿಗುತ್ತದೆ. ‘ದಿ ಬ್ಯಾಂಬೂ ಸ್ಟಾಕ್’ ಮೊದಲು ಬ್ಲೂಮ್ಸ್‌ಬರಿ ಮತ್ತು ಕತಾರ್ ಪ್ರತಿಷ್ಠಾನದ ಜಂಟಿ ಮುದ್ರೆಯಲ್ಲಿ ಬಂತು. ಆ ಜಂಟಿ ಸಂಸ್ಥೆ ಆಮೇಲೆ ಮುಗಿದುಹೋಯಿತು. ಹೀಗಾಗಿ ಒಂದು ಪುಟದಲ್ಲಿ ‘ಸ್ಟಾಕ್ ಇಲ್ಲ’ ಎಂದು ಕಂಡರೆ ಅಲ್ಲಿಗೇ ಕೈಬಿಡದೆ ಬೇರೆ ಮುದ್ರೆ ಇದೆಯೇ ನೋಡಬೇಕು.

ಕೊಳ್ಳುವ ಮುಂಚೆ ಇನ್ನೊಂದು ಪ್ರಶಸ್ತಿಯ ಪಟ್ಟಿಯನ್ನೂ ಪಕ್ಕಕ್ಕಿಟ್ಟು ನೋಡುವುದು ಒಳಿತು. ಲಂಡನ್ನಿನ ಸೈಫ್ ಗೊಬಾಶ್ ಬನಿಪಾಲ್ ಪ್ರಶಸ್ತಿ 2006ರಿಂದ ನಡೆದಿದೆ. ಅದು ಅರಬ್ಬಿಯಿಂದ ಇಂಗ್ಲಿಷಿಗೆ ಅನುವಾದಿಸಿದವರಿಗೆ ಮೀಸಲು, ಮೊತ್ತ 3,000 ಪೌಂಡ್. ಮೊತ್ತ ಸಣ್ಣದು, ಆದರೆ ಓದುಗರಿಗೆ ಅದರ ಮಾತು ದೊಡ್ಡದು. ಅಬುಧಾಬಿಯವರು ಮೂಲ ಚೆನ್ನಾಗಿದೆ ಅನ್ನುತ್ತಾರೆ, ಲಂಡನ್ನಿನವರು ಇಂಗ್ಲಿಷ್ ಚೆನ್ನಾಗಿದೆ ಅನ್ನುತ್ತಾರೆ. ಎರಡೂ ಮುದ್ರೆ ಬಿದ್ದ ಪುಸ್ತಕಗಳನ್ನು ಕಣ್ಣು ಮುಚ್ಚಿ ಕೊಳ್ಳಬಹುದು: ಯೂಸುಫ್ ಜೈದಾನ್ ಅವರ ‘ಅಜಾಜೀಲ್’ ಮತ್ತು ಸನೂಸಿ ಅವರ ‘ದಿ ಬ್ಯಾಂಬೂ ಸ್ಟಾಕ್’. ಎರಡರ ಅನುವಾದವೂ ಜೊನಾಥನ್ ರೈಟ್ ಅವರದು. ಸ್ವಾರಸ್ಯ ಏನೆಂದರೆ ಎರಡೂ ಕಾದಂಬರಿಗಳು ಅರಬ್ಬಿಯಲ್ಲೇ ‘ಅನುವಾದ’ದ ವೇಷ ತೊಟ್ಟು ಬಂದವು. ‘ಅಜಾಜೀಲ್’ ಐದನೆಯ ಶತಮಾನದ ಒಬ್ಬ ಕ್ರೈಸ್ತ ಸಂನ್ಯಾಸಿ ಸಿರಿಯಾಕ್ ಭಾಷೆಯಲ್ಲಿ ಬರೆದಿಟ್ಟ ಸುರುಳಿಗಳ ಅನುವಾದ ಎಂದು ಹೇಳಿಕೊಳ್ಳುತ್ತದೆ. ‘ದಿ ಬ್ಯಾಂಬೂ ಸ್ಟಾಕ್’ ಕುವೈತಿನ ಮನೆಗೆಲಸಕ್ಕೆ ಬಂದ ಫಿಲಿಪ್ಪೀನ್ಸ್ ಹೆಣ್ಣುಮಗಳ ಮಗ ತನ್ನ ತಾಯಿಯ ನುಡಿಯಲ್ಲಿ ಬರೆದದ್ದರ ಅನುವಾದ ಎಂದು ಹೇಳಿಕೊಳ್ಳುತ್ತದೆ. ಗಲ್ಫಿಗೆ ದುಡಿಯಲು ಹೋದವರ ಮನೆಗಳು ಓಣಿಗೆ ಒಂದೆರಡು ಇರುವ ಕಲಬುರಗಿ, ಬೀದರ್‌ಗಳಲ್ಲಿ ಈ ಎರಡನೆಯ ಪುಸ್ತಕಕ್ಕೆ ಪೀಠಿಕೆಯೇ ಬೇಕಿಲ್ಲ.

ಈಗ ಕನ್ನಡದ ಮಾತು. ಪ್ರಶಸ್ತಿಯ ಅನುವಾದದ ನೆರವು ಇಂಗ್ಲಿಷಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಮುಂದೆ ಕನ್ನಡಕ್ಕೆ ತರುವವರು ಹೆಚ್ಚಾಗಿ ಇಂಗ್ಲಿಷ್ ಪುಸ್ತಕವನ್ನೇ ಮುಂದಿಟ್ಟುಕೊಳ್ಳಬೇಕಾಗುತ್ತದೆ. ಕೆಡುವುದು ಅಲ್ಲೇ. ಲಿಬಿಯಾದ ಮುಹಮ್ಮದ್ ಅನ್ನಆಸ್ 2022ರಲ್ಲಿ ಗೆದ್ದ ಕಾದಂಬರಿ ಇಂಗ್ಲಿಷ್ ಸುದ್ದಿಗಳಲ್ಲಿ ‘ಬ್ರೆಡ್ ಆನ್ ಅಂಕಲ್ ಮಿಲಾದ್ಸ್ ಟೇಬಲ್’. ಇದನ್ನು ನಂಬಿದವರು ‘ಮೀಲಾದ್ ಚಿಕ್ಕಪ್ಪ’ ಎಂದು ಬರೆದಾರು. ಮೂಲದಲ್ಲಿ ಇರುವುದು ‘ಅಲ್ ಖಾಲ್’. ಖಾಲ್ ಅಂದರೆ ತಾಯಿಯ ಅಣ್ಣ ಅಥವಾ ತಮ್ಮ, ತಂದೆಯ ಕಡೆಯವನಾದರೆ ‘ಅಮ್’. ನಮ್ಮಲ್ಲಿ ಮಾಮಾ ಮತ್ತು ಕಾಕಾ ಬೇರೆ ಬೇರೆ ಇರುವ ಹಾಗೆಯೇ ಅಲ್ಲೂ ಇವೆ. ಇಂಗ್ಲಿಷ್ ಒಂದೇ ಪದದಲ್ಲಿ ಎರಡನ್ನೂ ಮುಳುಗಿಸಿತು. ಹೆಂಗಸರು ಗಂಡಸರ ಹತೋಟಿಗೆ ಸಿಗದ ಮನೆತನವನ್ನು ಕಂಡು ‘ಅವರ ಸೋದರಮಾವ ಮೀಲಾದ್’ ಎಂದು ಹಂಗಿಸುವ ಲಿಬಿಯಾದ ಗಾದೆಯ ಮೇಲೆ ಆ ಹೆಸರು ನಿಂತಿದೆ. ‘ಚಿಕ್ಕಪ್ಪ’ ಅಂದರೆ ಗಾದೆ ಸತ್ತಿತು, ‘ಮೀಲಾದ್ ಮಾಮಾ’ ಅಂದರೆ ಬದುಕಿತು. ಇಂಥ ಕಡೆ ಕನ್ನಡ ಇಂಗ್ಲಿಷಿಗಿಂತ ಮೂಲಕ್ಕೆ ಹತ್ತಿರ ಇದೆ, ಆ ಅನುಕೂಲವನ್ನು ಕಳೆದುಕೊಳ್ಳಬಾರದು.

‘ಫ್ರಾಂಕನ್‌ಸ್ಟೈನ್ ಇನ್ ಬಗ್ದಾದ್’ ಇನ್ನೊಂದು ಉದಾಹರಣೆ. 2005ರ ಬಗ್ದಾದಿನಲ್ಲಿ ಬಾಂಬ್ ಸಿಡಿದು ಚೆಲ್ಲಾಪಿಲ್ಲಿಯಾದ ದೇಹದ ತುಣುಕುಗಳನ್ನು ಆಯ್ದು ತಂದು ಹೊಲಿಯುವ, ಹಳೆ ಸಾಮಾನು ಮಾರುವ ಒಬ್ಬಾತ. ಹೊಲಿದ ದೇಹ ಎದ್ದು ನಡೆಯುತ್ತದೆ, ಅದಕ್ಕೆ ಹೆಸರಿಲ್ಲ. ಇರಾಕಿ ಆಡುನುಡಿಯಲ್ಲಿ ಅದನ್ನು ‘ಶಿಸ್ಮಾ’ ಅನ್ನುತ್ತಾರೆ, ‘ಅದರ ಹೆಸರೇನು’ ಅನ್ನುವುದರ ಮುದ್ದೆ ರೂಪ. ಈ ಪುಸ್ತಕವನ್ನೂ ಇಂಗ್ಲಿಷಿಗೆ ತಂದ ಜೊನಾಥನ್ ರೈಟ್ ಇದನ್ನು ‘ವಾಟ್ಸಿಟ್ಸ್‌ನೇಮ್’ ಎಂದು ಮಾಡಿದರು. ಕನ್ನಡದಲ್ಲಿ ಈ ಇಂಗ್ಲಿಷ್ ಪದವನ್ನು ಹಾಗೇ ಉಳಿಸಿದರೆ ಮೂರನೆಯ ಕೈಯ ಮಾಲು ಆಗುತ್ತದೆ. ಕಲಬುರಗಿಯ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ‘ಹೆಸರೇನದ’ ಇಲ್ಲಿ ಸರಿಯಾಗಿ ಕೂರುತ್ತದೆ: ‘ರಾತ್ರಿ ಹೆಸರೇನದ ಬಂದಿತ್ತು’. ನಗು ಬರಬೇಕು, ಮೈಯೂ ಜುಮ್ಮೆನ್ನಬೇಕು, ಮೂಲದ ಪದ ಮಾಡುವುದೂ ಅದನ್ನೇ.

ಅದೇ ಪುಸ್ತಕದಲ್ಲಿ ಆ ಹಳೆ ಸಾಮಾನಿನವನ ಹೆಸರು ಹಾದಿ. ಅರಬ್ಬಿಯಲ್ಲಿ ಅದರ ಅರ್ಥ ದಾರಿ ತೋರಿಸುವವನು. ಕನ್ನಡದಲ್ಲಿ ಹಾದಿ ಅಂದರೆ ದಾರಿಯೇ. ಈ ಹೊಂದಿಕೆ ಸೊಗಸಾಗಿದೆ, ಆದರೆ ಪುಟದ ಮೇಲೆ ಅಪಾಯ. ‘ಹಾದಿ ಮುಂದೆ ನಿಂತಿತ್ತು’ ಎಂದು ಓದಿದವರು ರಸ್ತೆಯನ್ನು ನೆನೆಯುತ್ತಾರೋ ಮನುಷ್ಯನ ಮುಂದೆ ನಿಂತ ದೇಹವನ್ನೋ? ಮೊದಲ ಸಲ ಬಂದಾಗಲೇ ‘ಮೋಡಕಾ ಹಾದಿ’ ಎಂದು ಕಸಬು ಸೇರಿಸಿ, ಗೊಂದಲ ಬರುವ ವಾಕ್ಯಗಳಲ್ಲಿ ಅದನ್ನೇ ಮತ್ತೆ ಬಳಸಿದರೆ ಸರಿಹೋಗುತ್ತದೆ. ಇಂಗ್ಲಿಷ್ ಕಾಗುಣಿತ ದೀರ್ಘ ಸ್ವರ ತೋರಿಸುವುದಿಲ್ಲ. ಅದನ್ನು ನೋಡಿ ಬರೆದರೆ ಸಾಲಿಮ್ ‘ಸಲೇಮ್’ ಆಗುತ್ತಾನೆ, ಈಸಾ ‘ಐಸಾ’ ಆಗುತ್ತಾನೆ. ಪ್ರತಿ ಹೆಸರನ್ನೂ ಅರಬ್ಬಿ ಲಿಪಿಯಲ್ಲಿ ಒಮ್ಮೆ ನೋಡಿ, ಪಾತ್ರಗಳ ಒಂದು ಪಟ್ಟಿ ಮಾಡಿ, ಆಮೇಲೆ ಮೊದಲ ಪುಟ ಮುಟ್ಟುವುದು ಕ್ಷೇಮ. ‘ದಿ ಬ್ಯಾಂಬೂ ಸ್ಟಾಕ್’ ಶುರುವಾಗುವುದೇ ಈ ಗೋಳಿನಿಂದ. ಒಂದೇ ಕಾಗುಣಿತದ ಹೆಸರು ಒಂದು ಕಡೆ ಹೊಸೆ, ಇನ್ನೊಂದು ಕಡೆ ಖೊಸೆ, ಮತ್ತೊಂದು ಕಡೆ ಜೊಸೆ, ಕುವೈತಿನಲ್ಲಿ ಈಸಾ. ಕನ್ನಡ ಲಿಪಿ ಈ ಮೂರೂ ಉಚ್ಚಾರವನ್ನು ಬೇರೆ ಬೇರೆ ಬರೆದು ತೋರಿಸಬಲ್ಲದು, ಟಿಪ್ಪಣಿ ಹಾಕುವ ಅಗತ್ಯವೇ ಇಲ್ಲ.

ಈ ಭಾಗದ ಕನ್ನಡಕ್ಕೆ ಇನ್ನೊಂದು ಆಸ್ತಿ ಇದೆ. ವಕೀಲ, ತಕರಾರು, ಅಮಾನತು, ವಸೂಲಿ, ತಾರೀಖು, ಜವಾಬು ಎಲ್ಲ ಫಾರಸಿ, ಉರ್ದು ದಾಟಿ ಬಂದ ಅರಬ್ಬಿ ಪದಗಳೇ. ಹಾಗೆಂದು ಕಂಡ ಕಂಡಲ್ಲಿ ಇಟ್ಟುಬಿಡುವಂತಿಲ್ಲ, ದಾರಿಯಲ್ಲಿ ಅರ್ಥ ಬದಲಾಗಿದೆ. ‘ತಕರಾರು’ ಅರಬ್ಬಿಯಲ್ಲಿ ಮತ್ತೆ ಮತ್ತೆ ಹೇಳುವುದು, ನಮ್ಮಲ್ಲಿ ಜಗಳ. ‘ಫಸಲು’ ಅಲ್ಲಿ ಋತು, ಪುಸ್ತಕದ ಅಧ್ಯಾಯವೂ ಹೌದು, ಇಲ್ಲಿ ತೊಗರಿಯ ಬೆಳೆ. ‘ನಕಲು’ ಇಲ್ಲಿ ಕೀಳು ಮಾತು, ಆದರೆ ಬಗ್ದಾದಿನಲ್ಲಿ ಗ್ರೀಕ್ ಗ್ರಂಥಗಳನ್ನು ಅರಬ್ಬಿಗೆ ತರುತ್ತಿದ್ದ ಕಾಲದಲ್ಲಿ ಅನುವಾದಕ್ಕೇ ‘ನಕ್ಲ್’ ಅನ್ನುತ್ತಿದ್ದರು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದು ಎಂಬ ಅರ್ಥದಲ್ಲಿ.

ಮೂಲದೊಂದಿಗೆ ತಾಳೆ ನೋಡಲು ಇಬ್ಬರು ಬೇಕು, ಒಬ್ಬರು ಸಾಲದು. ಮದರಸಾದಲ್ಲಿ ಓದಿದವರಿಗೆ ಗ್ರಾಂಥಿಕ ಅರಬ್ಬಿಯ ವ್ಯಾಕರಣ ಗಟ್ಟಿ, ನಿರೂಪಣೆಯ ಭಾಗ ಅವರ ಕೈಯಲ್ಲಿ ಸುರಕ್ಷಿತ. ಆದರೆ ಸಂಭಾಷಣೆ ಬಂದಾಗ ಅವರೂ ತಡವರಿಸುತ್ತಾರೆ, ಅದು ಊರಿನ ಆಡುನುಡಿ. ಕುವೈತ್, ಮಸ್ಕತ್‌ಗಳಲ್ಲಿ ಹತ್ತಾರು ವರ್ಷ ಗಾಡಿ ಓಡಿಸಿ, ಅಂಗಡಿ ನಡೆಸಿ ಮರಳಿದವರಿಗೆ ಅದು ನೀರು ಕುಡಿದಷ್ಟು ಸುಲಭ. ಗಲ್ಫ್ ಕಾದಂಬರಿಗೆ ಈ ಜೋಡಿ ಸಾಕು. ಇರಾಕ್, ಟುನೀಶಿಯಾ, ಲಿಬಿಯಾದ ಪುಸ್ತಕಕ್ಕೆ ಸಾಲದು, ಅಲ್ಲಿನ ನುಡಿಯೇ ದೂರ. ಅಂಥದ್ದಕ್ಕೆ ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯದ ಅರಬ್ಬಿ ವಿಭಾಗದಂಥ ಕಡೆ ಓದಿದವರನ್ನು ಕೇಳಬೇಕು.

ಇಷ್ಟೆಲ್ಲ ನೋಡಿದ ಮೇಲೆ, ಈ ಸೀಮೆಯ ಕನ್ನಡಕ್ಕೆ ಮೊದಲು ಬರಬೇಕಾದ ಪುಸ್ತಕ 2023ರಲ್ಲಿ ಗೆದ್ದ ಒಮಾನಿನ ಜಹ್ರಾನ್ ಅಲ್ ಕಾಸ್ಮಿ ಅವರ ‘ತಗ್ರೀಬತ್ ಅಲ್ ಕಾಫಿರ್’. ಒಮಾನಿಗೆ ಈ ಪ್ರಶಸ್ತಿ ಬಂದದ್ದು ಅದೇ ಮೊದಲು. ನೆಲದಡಿಯ ನೀರನ್ನು ಪತ್ತೆ ಹಚ್ಚುವವನ ಕತೆ. ತಾಯಿ ನೀರಿನಲ್ಲಿ ಮುಳುಗಿ ಸತ್ತವಳು, ತಂದೆ ನೆಲದಡಿಯ ನೀರಿನ ಸುರಂಗವಾದ ಫಲಜ್‌ನ ಮೇಲ್ಛಾವಣಿ ಕುಸಿದು ಸತ್ತವನು, ಕೊನೆಗೆ ತಾನೇ ಒಂದು ಫಲಜ್‌ನೊಳಗೆ ಸಿಕ್ಕಿಹಾಕಿಕೊಳ್ಳುತ್ತಾನೆ. ಹೆಸರಿನಲ್ಲಿರುವ ಕಾಫಿರ್, ಧರ್ಮದ ಮಾತಿನಲ್ಲಿ ಬರುವ ಪದವಲ್ಲ. ಮೊದಲ ಅಕ್ಷರವೇ ಬೇರೆ, ಇಲ್ಲಿ ಅರ್ಥ ಜಾಡು ಹಿಡಿದು ಹೋಗುವವನು. ಕನ್ನಡದಲ್ಲಿ ಎರಡೂ ಒಂದೇ ‘ಕ’ ಆಗಿಬಿಡುವುದರಿಂದ ರಕ್ಷಾಪುಟದ ಮೇಲೆ ಈ ಪದ ಇಡಲೇಬಾರದು. ಇಂಗ್ಲಿಷಿನವರು ‘ದಿ ವಾಟರ್ ಡಿವೈನರ್’ ಅಂದರು. ಕೋಲು, ತೆಂಗಿನಕಾಯಿ ಹಿಡಿದು ಬೋರ್ ಪಾಯಿಂಟ್ ತೋರಿಸುವವರ ನೆನಪು ಬರುತ್ತದೆ. ಆದರೆ ಈತ ನೀರಿನ ಸಪ್ಪಳ ಕೇಳಿಸಿಕೊಳ್ಳುವವನು. ‘ನೀರಿನ ಜಾಡಿನವ’ ಎಂದರೆ ಮೂಲಕ್ಕೆ ಹತ್ತಿರ.

ಫಲಜ್ ಎಂಬುದು ಬೀದರಿನವರಿಗೆ ಹೊಸದಲ್ಲ. ನೌಬಾದ್‌ನಲ್ಲಿರುವ ಬಹಮನಿ ಕಾಲದ ಕರೇಜ್, ಜನರ ಮಾತಿನ ಸುರಂಗ ಬಾವಿ, ಅದೇ ವಂಶದ್ದು. ಎತ್ತರದ ಕಡೆ ಅಂತರ್ಜಲ ಮುಟ್ಟುವವರೆಗೆ ಒಂದು ತಾಯಿ ಬಾವಿ, ಅಲ್ಲಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಇಳಿಜಾರಿನಲ್ಲಿ ಸುರಂಗ, ಗಾಳಿಗೂ ಹೂಳೆತ್ತುವುದಕ್ಕೂ ಅಲ್ಲಲ್ಲಿ ನೆಟ್ಟಗಿನ ಬಾವಿಕಿಂಡಿ. ಇಳಿಜಾರು ಹೆಚ್ಚಾದರೆ ನೀರು ತಳ ಕೊರೆಯುತ್ತದೆ, ಕಡಿಮೆಯಾದರೆ ಹೂಳು ನಿಲ್ಲುತ್ತದೆ. ಮೇಲಿನ ಪದರ ಸಡಿಲವಾದ ಕಡೆ ಛಾವಣಿ ಬೀಳುತ್ತದೆ, ಕಾದಂಬರಿಯ ತಂದೆಯ ಸಾವು ಹೀಗೇ ಬರುವುದು. ಒಮಾನಿನಲ್ಲಿ ನೀರನ್ನು ಹಂಚುವುದು ಹೊತ್ತಿನ ಲೆಕ್ಕದಲ್ಲಿ. ಒಂದು ‘ಅಸರ್’ ಅಂದರೆ ಸುಮಾರು ಅರ್ಧ ಗಂಟೆಯ ನೀರು, ಹಗಲು ನೆರಳಿನ ಲೆಕ್ಕ, ರಾತ್ರಿ ನಕ್ಷತ್ರದ ಲೆಕ್ಕ. ಒಮಾನಿನ ಐದು ಫಲಜ್‌ಗಳು 2006ರಲ್ಲಿ ಯುನೆಸ್ಕೊ ಪಟ್ಟಿ ಸೇರಿವೆ. ಅನುವಾದಕರು ನೌಬಾದ್‌ಗೆ ಹೋಗಿ, ಅಲ್ಲಿಯ ಬಾವಿಕಿಂಡಿ, ತೂಬು, ಹೂಳು, ಪಾಳಿ ಎಂಬ ಮಾತುಗಳನ್ನು ಹಿರಿಯರ ಬಾಯಿಂದ ಕೇಳಿ ಬರೆದುಕೊಂಡರೆ ಅರ್ಧ ಪದಕೋಶ ಸಿದ್ಧ. ಇಂಗ್ಲಿಷ್ ಅನುವಾದಕರಿಗೆ ಇಲ್ಲದ ಅನುಕೂಲ ಇದು.

ಹಕ್ಕಿನ ವಿಷಯದಲ್ಲಿ ಒಂದು ಎಚ್ಚರಿಕೆ. ಅನುಮತಿ ಕೋರಿ ಪ್ರಶಸ್ತಿಯ ಕಚೇರಿಗೆ ಬರೆದರೆ ಪ್ರಯೋಜನವಿಲ್ಲ, ಹಕ್ಕು ಅವರ ಬಳಿ ಇರುವುದಿಲ್ಲ. ಇಂಗ್ಲಿಷ್ ಪುಸ್ತಕದ ಹಕ್ಕುಪುಟದಲ್ಲಿ ಅರಬ್ಬಿ ಮೂಲದ ಹೆಸರು, ಪ್ರಕಾಶಕರು, ವರ್ಷ ಇರುತ್ತವೆ. ಬರೆಯಬೇಕಾದ್ದು ಆ ಪ್ರಕಾಶಕರಿಗೆ ಅಥವಾ ಲೇಖಕರ ಏಜೆಂಟರಿಗೆ. ಇಂಗ್ಲಿಷಿನಿಂದ ಅನುವಾದಿಸುವುದಾದರೆ ಇಂಗ್ಲಿಷ್ ಅನುವಾದದ ಹಕ್ಕು ಇರುವವರ ಒಪ್ಪಿಗೆಯೂ ಬೇಕು, ಆ ಅನುವಾದಕ್ಕೆ ಅದರದೇ ಹಕ್ಕು ಇದೆ. ಒಂದು ಒಪ್ಪಿಗೆ ಪಡೆದು ಇನ್ನೊಂದನ್ನು ಮರೆತರೆ ಅಚ್ಚಾದ ಮೇಲೆ ತಕರಾರು ಬರುತ್ತದೆ. ಪತ್ರದಲ್ಲಿ ಕನ್ನಡ ಎಂಬ ಭಾಷೆ, ಅದನ್ನು ಆಡುವ ರಾಜ್ಯ, ಎಷ್ಟು ಪ್ರತಿ, ಎಷ್ಟು ವರ್ಷಕ್ಕೆ, ಇ-ಪುಸ್ತಕ ಸೇರಿದೆಯೋ ಇಲ್ಲವೋ ಇಷ್ಟನ್ನೂ ಬಿಡಿಸಿ ಬರೆಯಬೇಕು. ಜೊತೆಗೆ ಇಪ್ಪತ್ತು ಪುಟದ ಮಾದರಿ ಅನುವಾದ ಇದ್ದರೆ ಜವಾಬು ಬೇಗ ಬರುತ್ತದೆ. ವಿಷಯದ ಸಾಲಿನಲ್ಲಿ ಇಂಗ್ಲಿಷ್ ಹೆಸರಿನ ಬದಲು ಅರಬ್ಬಿ ಹೆಸರನ್ನು ಅರಬ್ಬಿ ಲಿಪಿಯಲ್ಲೇ ಹಾಕಿ. ಬೈರೂತಿನ ಮೇಜಿನ ಮೇಲೆ ಆ ಪುಸ್ತಕಕ್ಕೆ ಇರುವ ಹೆಸರು ಅದೊಂದೇ.